ಸಂಜೆ ಗಂಟೆಯ ಮುಯ್ಯಿ

ಸುಗ್ಗಿ ಮುಗಿದಿತ್ತು, ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಳಗಿನ ಇಬ್ಬನಿ ಆರುವ ತನಕ ನಾರಿಗೆ ಕೈ ಹಾಕುವಂತಿರಲಿಲ್ಲ. ತೇವ ಹಿಡಿದ ನಾರನ್ನು ಹೊಸೆದರೆ ಹಗ್ಗ ಒಣಗಿದ ಮೇಲೆ ಸಡಿಲಾಗಿ ಎಳೆ ಬಿಡುತ್ತದೆ. ಬಿಸಿಲು ಚರ್ಚಿನ ಹಿಂಗೋಡೆಯಿಂದ ಇಳಿದು ಓಣಿಯ ಮಣ್ಣಿಗೆ ಬೀಳುವುದನ್ನೇ ಕಾದು ಕುಳಿತಿದ್ದ ಹಗ್ಗದವನು ಎದ್ದು ನಾರಿನ ಕಂತೆಯನ್ನು ಸೊಂಟಕ್ಕೆ ಸುತ್ತಿಕೊಂಡ.

ಓಣಿ ನೂರಿಪ್ಪತ್ತು ಹೆಜ್ಜೆ ಉದ್ದ. ಒಂದು ತುದಿಯಲ್ಲಿ ರಾಟೆ. ಹೆಂಡತಿ ಅದರ ಹಿಡಿ ತಿರುಗಿಸುತ್ತಾಳೆ. ಅವನು ಕೊಕ್ಕೆಗೆ ನಾರು ಸಿಕ್ಕಿಸಿ, ಬೆರಳ ಸಂದಿಯಿಂದ ಒಂದೇ ಸಮನೆ ಬಿಡುತ್ತ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾನೆ. ಇಪ್ಪತ್ತೆಂಟು ವರ್ಷ ಹೀಗೆ ಹಿಮ್ಮುಖವಾಗಿ ನಡೆದೇ ಸಂಸಾರ ಸಾಕಿದವನು. "ನಿಮ್ಮಪ್ಪ ಮುಂದಕ್ಕೆ ನಡೆದಿದ್ದು ನಮ್ಮ ಮದುವೆ ದಿನ ಒಂದೇ" ಎಂದು ಹೆಂಡತಿ ಮಗನಿಗೆ ಹೇಳಿ ನಗುತ್ತಿದ್ದುದುಂಟು.

ಆ ಮಗ ಯುದ್ಧದಿಂದ ಬಂದು ಎಂಟು ದಿನವಾಗಿತ್ತು. ಒಂದು ಪಾದಕ್ಕೆ ಗುಂಡು ಹೊಕ್ಕು ಹೊರಬಿದ್ದಿತ್ತು. ಹಗಲೆಲ್ಲ ಒಳಕೋಣೆಯಲ್ಲಿ ಗೋಡೆಗೆ ಮುಖಮಾಡಿ ಮಲಗಿರುತ್ತಿದ್ದ. ತಾಯಿ ಆಗಾಗ ರಾಟೆ ನಿಲ್ಲಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಹೋಗಿ, ಅವನ ಬೆನ್ನು ಏರಿಳಿಯುವುದನ್ನು ನೋಡಿ ಬರುತ್ತಿದ್ದಳು. ಅಷ್ಟು ಹೊತ್ತೂ ಹಗ್ಗದವನು ಓಣಿಯ ನಡುವೆ ಎಳೆ ಹಿಡಿದುಕೊಂಡು ಸುಮ್ಮನೆ ನಿಂತಿರುತ್ತಿದ್ದ. ಬಿಟ್ಟರೆ ಹುರಿ ಬಿಚ್ಚಿಹೋಗುತ್ತದೆ.

ಅಂದು ಹಾಗೆ ನಿಂತಿದ್ದಾಗ ಪಾದ್ರಿಗಳು ಚರ್ಚಿನ ಹಿಂಬಾಗಿಲಿನಿಂದ ಬಂದರು. ಕೈಯಲ್ಲಿ ಒಂದು ಹಿಡಿ ಹಳೆಯ ನಾರು.

"ನೋಡಪ್ಪ, ನಿನ್ನೆ ಸಂಜೆ ಗಂಟೆ ಎಳೆದಾಗ ಇಷ್ಟು ಕೈಗೆ ಬಂತು. ಇನ್ನೆರಡು ದಿನ ಬಿಟ್ರೆ ಗಂಟೆ ಮೇಲೆ, ಹಗ್ಗ ಕೆಳಗೆ, ನಾನು ಹಗ್ಗದ ಕೆಳಗೆ."

"ಹನ್ನೆರಡು ವರ್ಷ ಆಯ್ತಲ್ಲ ಪಾದ್ರಿಗಳೇ. ಅದೇ ಹೆಚ್ಚು."

"ಭಾನುವಾರದೊಳಗೆ ಹೊಸದು ಬೇಕು. ಭಾನುವಾರ ಮುಯ್ಯಿ ತೀರಿಸ್ತೀವಿ." ಪಾದ್ರಿಗಳು ನಾರನ್ನು ಜೇಬಿಗೆ ತುರುಕಿಕೊಂಡರು. "ಸೂಲಗಿತ್ತಿ ಮಗ ಕುಳ್ಳ ನಾಳೆ ಆಸ್ಪತ್ರೆಯಿಂದ ಬರ್ತಾನಂತೆ. ಅಲ್ಲಿಗೆ ಎಲ್ಲರೂ ಬಂದ ಹಾಗಾಯ್ತು." ಗೋಡೆಯ ಕಡೆ ನೋಡಿ ಸೇರಿಸಿದರು. "ಗಾರೆಯವನ ಮಗ ಬಿಟ್ಟು."

ಹಗ್ಗದವನು ತಲೆಯಾಡಿಸಿದ. ಕೈಯಲ್ಲಿದ್ದ ಎಳೆ ಅವನಿಗೆ ತಿಳಿಯದೆಯೇ ಒಂದು ಗೇಣು ಜಾರಿ, ಅಷ್ಟುದ್ದ ಹುರಿ ಬಿಟ್ಟುಕೊಂಡಿತು.

ಆ ಊರಿನಲ್ಲಿ ಕೂಲಿಗೆ ಆಳು ಕರೆಯುವವರು ಕಡಿಮೆ. ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಕೊಯ್ಲು, ಕಳೆ, ಬೇಲಿ ಎಲ್ಲವೂ ಹೀಗೆ ಮುಯ್ಯಿಯಲ್ಲೇ ಸಾಗುತ್ತಿದ್ದವು. ಅದಕ್ಕೆ ಎರಡೇ ಕಟ್ಟುಪಾಡು. ಮುಯ್ಯಿಗೆ ಹೋದ ದಿನ ಸ್ವಂತ ಹೊಲಕ್ಕೆ ಕಾಲಿಡಬಾರದು. ಕೆಲಸ ಮುಗಿದ ಮೇಲೆ ಮಾಡಿದವನು ಮಾಡಿಸಿಕೊಂಡವನ ಮುಖ ನೋಡಿ "ತೀರಿತು" ಎನ್ನಬೇಕು. ಆ ಮಾತು ಹೇಳಿದ ಮೇಲೆ ಆ ವಿಷಯ ಮತ್ತೆ ಯಾರೂ ಎತ್ತುವುದಿಲ್ಲ. ಕೆಲಸ ಪೂರಾ ಮಾಡದೆ ಆ ಮಾತು ಹೇಳಿದವರನ್ನು ಊರು ಕಂಡಿರಲಿಲ್ಲ.

ಯುದ್ಧ ಬಂದು ಊರಿನ ಎಂಟು ಹುಡುಗರು ಒಂದೇ ಪಡೆಗೆ ಸೇರಿ ಹೊರಟಾಗ ಪಾದ್ರಿಗಳಿಗೆ ಈ ಮುಯ್ಯಿಯೇ ಹೊಳೆಯಿತು. "ಪ್ರತಿಯೊಬ್ಬರೂ ಅವರವರ ಮಗನಿಗೆ ಬೇಡಿಕೊಂಡ್ರೆ ಅದು ಬೇಗನೆ ಚೌಕಾಸಿ ಆಗುತ್ತೆ. ನನ್ನವನನ್ನ ಬಿಡು, ಬೇರೆಯವನನ್ನ ನೋಡಿಕೋ ಅಂತ. ಇಲ್ಲ ಅನ್ಬೇಡಿ, ನನಗೂ ನಾಲಿಗೆ ಇದೆ, ಅದು ಏನೇನು ಬೇಡುತ್ತೆ ಅಂತ ಗೊತ್ತು" ಎಂದರು. ಆದ್ದರಿಂದ ಸಂಜೆ ಗಂಟೆ ಬಾರಿಸಿದಾಗ ಎಲ್ಲರೂ ಇದ್ದಲ್ಲೇ ಮಂಡಿಯೂರಬೇಕು. ಒಬ್ಬರ ಮಗನಿಗೆ ಇನ್ನೊಬ್ಬರು ಪ್ರಾರ್ಥನೆ ಮಾಡಬೇಕು. ಹೊಲದಲ್ಲಿ ಮುಯ್ಯಾಳುಗಳಾದ ಮನೆಗಳೇ ಪ್ರಾರ್ಥನೆಯಲ್ಲೂ ಜೋಡಿಯಾದವು. ಗಾರೆಯವನಿಗೆ ಟೀಚರಮ್ಮ, ಗಿರಣಿಯವನಿಗೆ ಕುರಿಗಾರ. ಹೊಲವಿಲ್ಲದೆ ಉಳಿದವರು ಇಬ್ಬರೇ: ಹಗ್ಗದವನು ಮತ್ತು ಸೂಲಗಿತ್ತಿ. ಸೂಲಗಿತ್ತಿ ಗಂಡನನ್ನು ಕಳೆದುಕೊಂಡವಳು. ಅವಳಿಗಿದ್ದವನು ಒಬ್ಬ ಮಗ, ಎಲ್ಲರ ಬಾಯಲ್ಲಿ ಕುಳ್ಳ. ಪಾದ್ರಿಗಳು ಕುಳ್ಳನ ಹೆಸರು ಬರೆದ ಚೀಟಿಯನ್ನು ಹಗ್ಗದವನಿಗೂ, ಅವನ ಮಗನ ಹೆಸರಿನದನ್ನು ಸೂಲಗಿತ್ತಿಗೂ ಕೊಟ್ಟರು.

ನಾಲ್ಕು ತಿಂಗಳು ಹಗ್ಗದವನು ಒಪ್ಪಿದ ಕೆಲಸ ಮಾಡಿದ. ಗಂಟೆ ಬಾರಿಸುತ್ತಿದ್ದಂತೆ ಎಳೆಯನ್ನು ಗೂಟಕ್ಕೆ ಸುತ್ತಿ ಮಂಡಿಯೂರುತ್ತಿದ್ದ. ಹೆಂಡತಿ ರಾಟೆಯ ಪಕ್ಕ ಮಂಡಿಯೂರುತ್ತಿದ್ದಳು. ಕರ್ತನೇ, ಕುಳ್ಳನನ್ನು ಕಾಪಾಡು, ಅವನಿಗೆ ಹೊಟ್ಟೆ ತುಂಬ ಸಿಗಲಿ, ಅವನ ಕಾಲಿಗೆ ಬೊಬ್ಬೆ ಬಾರದಿರಲಿ. ಇಷ್ಟೇ. ಕೆಲವು ದಿನ ಮನಸ್ಸು ನಾರಿನ ಕಡೆ ಹೋಗುತ್ತಿತ್ತು, ಆದರೂ ಹೆಸರು ಕುಳ್ಳನದೇ ಹೇಳುತ್ತಿದ್ದ.

ಆಮೇಲೆ ಒಂದು ದಿನ ಗಿರಣಿಯ ರೇಡಿಯೋದಲ್ಲಿ ಸುದ್ದಿ ಬಂತು. ಆ ಪಡೆಯ ಅರವತ್ತು ಮಂದಿ ಒಂದು ಸೇತುವೆಯ ಹತ್ತಿರ ಸಿಕ್ಕಿಬಿದ್ದಿದ್ದಾರೆ, ಎದುರಿಗೆ ಸಾವಿರಕ್ಕೂ ಮೇಲೆ ಇದ್ದಾರೆ, ಸಹಾಯ ಹೋಗಲು ದಾರಿ ಇಲ್ಲ. ಗಿರಣಿಯವನು ಪಟ್ಟಿ ಬಿಚ್ಚಿ ಕಲ್ಲು ನಿಲ್ಲಿಸಿದ. ಹಿಟ್ಟಿಗೆ ಬಂದವರು ಹಿಟ್ಟು ಬಿಟ್ಟು ಮನೆಗೆ ನಡೆದರು.

ಆ ಸಂಜೆ ಮಂಡಿಯೂರಿದಾಗ ಹಗ್ಗದವನಿಗೆ ಒಂದು ಲೆಕ್ಕ ಹೊಳೆಯಿತು. ಸೂಲಗಿತ್ತಿ ಈ ಹೊತ್ತಿನಲ್ಲಿ ಎಲ್ಲಿದ್ದಾಳೋ. ಹೆರಿಗೆ ಗಂಟೆ ನೋಡಿ ಬರುವುದಿಲ್ಲ. ಯಾವುದೋ ಮನೆಯ ಒಳಕೋಣೆಯಲ್ಲಿ ನೀರು ಕಾಯಿಸುತ್ತಲೋ, ಹೊಟ್ಟೆ ಒತ್ತುತ್ತಲೋ ಇರುವವಳಿಗೆ ಗಂಟೆ ಕೇಳಿಸೀತೆ? ಕೇಳಿಸಿದರೂ ಕೈ ಬಿಟ್ಟು ಮಂಡಿಯೂರುವುದಕ್ಕಾಗುತ್ತದೆಯೆ? ಹಾಗಾದರೆ ನನ್ನ ಮಗನಿಗೆ ಯಾರೂ ಇಲ್ಲ. ಊರಿನ ಮಂಡಿಗಳೆಲ್ಲ ನೆಲಕ್ಕೆ ತಾಗಿರುವ ಈ ಒಂದು ಗಳಿಗೆಯಲ್ಲಿ ಅವನ ಹೆಸರೇ ಮೇಲೆ ಹೋಗುವುದಿಲ್ಲ. ಮುಯ್ಯಾಳು ಬಾರದಿದ್ದರೆ ನಮ್ಮ ಹೊಲ ನಾವೇ ನೋಡಿಕೊಳ್ಳಬೇಕಲ್ಲ.

ಅವಳನ್ನು ಒಂದು ಮಾತು ಕೇಳಲಿಲ್ಲ. ಅವಳ ಮನೆ ಮೂರು ಬಾಗಿಲು ಆಚೆ.

ಹನ್ನೊಂದು ಸಂಜೆ ಅವನು ಮಗನಿಗೇ ಬೇಡಿಕೊಂಡ. ಏಳನೆಯ ಸಂಜೆ, ಸೇತುವೆಯ ಒಂದು ಕಡೆ ಬಿತ್ತು ಎಂಬ ಸುದ್ದಿ ಬಂದ ದಿನ, ಅವನ ಬಾಯಿಂದ ಇನ್ನೂ ಒಂದು ಮಾತು ಹೊರಟಿತು. ಕರ್ತನೇ, ಇಬ್ಬರಲ್ಲಿ ಒಬ್ಬನೇ ಉಳಿಯುವುದಾದರೆ ನನ್ನವನು ಉಳಿಯಲಿ. ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳದೆ ಎದ್ದು ಮಂಡಿಯ ಮಣ್ಣು ಕೊಡವಿದ.

ಹನ್ನೆರಡನೆಯ ದಿನ ಸಹಾಯ ತಲುಪಿತು. ಅರವತ್ತರಲ್ಲಿ ಮೂವತ್ತೊಂದು ಮಂದಿ ಉಳಿದಿದ್ದರು. ಊರಿನ ಎಂಟರಲ್ಲಿ ಏಳು. ಉಳಿದವರಿಗೆ ಸರ್ಕಾರ ರಜೆ ಕೊಟ್ಟಿತು.

ಮಗ ಆ ಹನ್ನೊಂದು ದಿನದ ಬಗ್ಗೆ ಮಾತೆತ್ತಿದ್ದು ಬಂದ ಮೇಲೆ ಒಂದೇ ಸಲ. ಅಂದು ಮಧ್ಯಾಹ್ನ, ಪಾದ್ರಿಗಳು ಬಂದು ಹೋದ ಮೇಲೆ. ಕುಂಟುತ್ತ ಹೊರಗೆ ಬಂದು ರಾಟೆಯ ಕಟ್ಟೆಯ ಮೇಲೆ ಕುಳಿತ.

"ಕುಳ್ಳ ನಾಳೆ ಬರ್ತಾನಾ?"

"ಹೂಂ."

"ಅವನು ಇಲ್ದಿದ್ರೆ ನಾನು ಇಲ್ಲ ಅಪ್ಪ." ಮಗ ಕೈಗೆ ಸಿಕ್ಕ ನಾರನ್ನು ಬೆರಳಿಗೆ ಸುತ್ತುತ್ತಿದ್ದ. "ಕಾಲಿಗೆ ಗುಂಡು ಬಿದ್ದಾಗ ನಾನು ಸೇತುವೆ ನಡುವೆ ಇದ್ದೆ. ಎಲ್ಲರೂ ಹಿಂದೆ ಓಡಿದ್ರು. ಅವನೊಬ್ಬ ಮುಂದೆ ಬಂದ. ನಾಯಿಮರಿ ಎಳೆದ ಹಾಗೆ ಕಾಲರ್ ಹಿಡಿದು ದರದರ ಎಳ್ಕೊಂಡು ಹೋದ. ಆಳು ನನ್ನ ಎದೆಮಟ್ಟ ಇಲ್ಲ. ಹೆದರಿಕೆ ಆಗ್ಲಿಲ್ವೇನೋ ಅಂತ ಆಮೇಲೆ ಕೇಳಿದೆ. ಸೂರ್ಯ ಮುಳುಗ್ತಿದ್ದಾನೆ ನೋಡು, ಈಗ ನಿಮ್ಮಪ್ಪ ನನಗೋಸ್ಕರ ಮಂಡಿ ಊರಿರ್ತಾರೆ, ಇದಕ್ಕಿಂತ ಒಳ್ಳೆ ಹೊತ್ತು ಸಿಗಲ್ಲ ಅಂದ."

ಹಗ್ಗದವನು ಗೂಟದ ಗಂಟು ಬಿಗಿ ಇದ್ದರೂ ಮತ್ತೊಮ್ಮೆ ಬಿಗಿದ. "ಅದು ಎಷ್ಟನೇ ದಿನ?"

"ಏಳೋ ಎಂಟೋ. ಅಲ್ಲಿ ಯಾರಿಗೆ ದಿನ ಗೊತ್ತಿತ್ತು."

ಮರುದಿನ ಹಗ್ಗದವನು ಗಂಟೆಯ ಹಗ್ಗದ ಮೂರನೆಯ ಎಳೆ ಬಿಡುತ್ತ ಹಿಂದಕ್ಕೆ ಬರುತ್ತಿದ್ದಾಗ ಬೆನ್ನಿಗೆ ಏನೋ ತಾಗಿತು.

"ಮಾವ, ಹಿಂದೆ ಕಣ್ಣಿಲ್ಲ ಅಂದ್ರೆ ಹಾರ್ನ್ ಆದ್ರೂ ಹಾಕಿಸ್ಕೊಳ್ಳಿ."

ಕುಳ್ಳ. ಇನ್ನೂ ಕುಳ್ಳಗಾದಂತೆ ಕಾಣುತ್ತಿದ್ದ. ಸಮವಸ್ತ್ರ ಭುಜದಲ್ಲಿ ಜೋತುಬಿದ್ದಿತ್ತು. ಒಂದು ಕಿವಿಯ ಮೇಲಿನ ಪಟ್ಟಿ ಗಲ್ಲದ ತನಕ ಇಳಿದಿತ್ತು. ಹಿಂದೆ ಅವನ ತಾಯಿ, ಬಿಳಿ ಸೀರೆ, ಕೈಯಲ್ಲಿ ಯಾವಾಗಲೂ ಇರುವ ಬಟ್ಟೆಯ ಚೀಲ. ಯಾರು ಯಾವಾಗ ಕರೆದರೂ ಹೊರಡಲು ಸಿದ್ಧವಾಗಿರುವ ಚೀಲ.

"ಈ ಕಡೆಯಿಂದ ಮಾತಾಡು ತಮ್ಮ" ಎಂದಳು ಸೂಲಗಿತ್ತಿ. "ಆ ಕಿವಿ ಹೋಯ್ತು."

"ಒಂದು ಕಿವಿ ಉಳಿದಿದೆಯಲ್ಲ. ಅಮ್ಮನ ಬೈಗುಳಕ್ಕೆ ಅದೇ ಹೆಚ್ಚು" ಎಂದ ಕುಳ್ಳ. ಮೇಲಿನಿಂದ ಕೆಳಕ್ಕೆ ಹಗ್ಗದವನನ್ನು ನೋಡಿದ. "ಮಂಡಿ ಹೇಗಿದೆ ಮಾವ? ಸವೆದಿರಬೇಕು. ನನ್ನ ಪಕ್ಕ ಬಿದ್ದು ಸಿಡಿಯದೆ ಹೋದ ಬಾಂಬುಗಳನ್ನ ಲೆಕ್ಕ ಹಾಕಿದ್ರೆ ನಿಮಗೆ ಹೊಸ ಮಂಡಿ ಹಾಕಿಸ್ಬೇಕು."

ಹೆಂಡತಿ ರಾಟೆ ತಿರುಗಿಸುವುದನ್ನು ನಿಲ್ಲಿಸಿದ್ದಳು. ಹಗ್ಗದವನು ನಗಲು ನೋಡಿದ. ಮುಖ ಒಂದು ಕಡೆ ಮಾತ್ರ ಬಾಗಿತು.

"ತಮಾಷೆ ಅಲ್ಲ ಮಾವ." ಕುಳ್ಳ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಹಗಲೆಲ್ಲ ಹೇಗೋ ಕಳೀತಿತ್ತು. ಬಿಸಿಲು ಇಳೀತಾ ಬಂದಾಗ ಜೀವ ಬಾಯಿಗೆ ಬರ್ತಿತ್ತು, ಇನ್ನೊಂದು ರಾತ್ರಿ ಅಂತ. ಆವಾಗ ನಾನು ಈ ಓಣಿ ನೆನೆಸ್ಕೊಳ್ತಿದ್ದೆ. ಗಂಟೆ ಆಯ್ತು, ಮಾವ ಎಳೆ ಗೂಟಕ್ಕೆ ಸುತ್ತಿದ್ರು, ಉಸ್ಸಪ್ಪಾ ಅಂತ ಕೂತ್ರು, ನನ್ನ ಹೆಸರು ಹೇಳಿದ್ರು. ಅಷ್ಟು ಸಾಕಾಗಿತ್ತು."

ಹೇಳಿಬಿಡಬೇಕು ಎಂದುಕೊಂಡ ಹಗ್ಗದವನು. "ಕುಳ್ಳಪ್ಪ, ನೋಡು..." ಎಂದ. ಆಮೇಲೆ ಸೂಲಗಿತ್ತಿಯ ಕಡೆ ತಿರುಗಿದ. ಬಾಯಿಗೆ ಬಂದದ್ದು ಬೇರೆ ಮಾತು. "ಅಕ್ಕ, ನಿನಗೆ ಹೆರಿಗೆ ಕೆಲಸ. ಗಂಟೆ ಹೊತ್ತಿಗೆ... ಕಷ್ಟ ಆಗಿರಬೇಕು."

ಕೇಳಿದ ಮೇಲೆ ತನ್ನೊಳಗೆ ಏನು ಕಾಯುತ್ತಿದೆ ಎಂದು ಅವನಿಗೇ ಗೊತ್ತಾಯಿತು. ಅವಳೂ ತಪ್ಪಿಸಿದ್ದೇನೆ ಎನ್ನಲಿ ಎಂದು ಕಾಯುತ್ತಿದ್ದ.

ಸೂಲಗಿತ್ತಿ ನಕ್ಕಳು. "ಕಷ್ಟ ನನಗಲ್ಲ, ಹೆರೋರಿಗೆ. ಕುರಿಗಾರನ ಸೊಸೆ ನೋವು ತಿಂತಾ ಇದ್ಲು, ಗಂಟೆ ಆಯ್ತು. ಮಂಚದ ಪಕ್ಕ ಮಂಡಿ ಊರಿದೆ. ಮಗು ಬರ್ತಿದೆ, ನೀನೆಲ್ಲಿಗೆ ಹೋದೆ ಮುದುಕಿ ಅಂತ ಕೂದಲು ಹಿಡಿದು ಎಳೆದ್ಲು. ಸ್ವಲ್ಪ ತಡಿಯವ್ವಾ, ಹಗ್ಗದವನ ಮಗ ಸೇತುವೆ ಮೇಲಿದ್ದಾನೆ, ಅವನದ್ದು ಮುಗಿಸಿ ನಿನ್ನದು ನೋಡ್ತೀನಿ ಅಂದೆ. ಒಂದು ದಿನ ದೂರದ ಹಟ್ಟಿಗೆ ಹೋಗಿದ್ದೆ, ಗಂಟೆ ಕೇಳಿಸಲ್ಲ ಅಲ್ಲಿ. ನೆರಳು ನೋಡ್ಕೊಂಡು ದಾರಿಲೇ ಊರಿದೆ. ಹಾದು ಹೋದವರು ಬಿದ್ದೆ ಅಂದ್ಕೊಂಡು ಎತ್ತೋಕೆ ಬಂದ್ರು."

ಎಲ್ಲರೂ ನಕ್ಕರು. ಒಳಗಿನಿಂದ ಕುಂಟುತ್ತ ಬಂದ ಮಗ ಕುಳ್ಳನನ್ನು ಅಪ್ಪಿಕೊಂಡ. ಹಗ್ಗದವನು ಕೈಯಲ್ಲಿದ್ದ ಎಳೆಯನ್ನು ನೋಡುತ್ತ ನಿಂತಿದ್ದ. ಇಡೀ ಮೈಯನ್ನು ಹೀಗೆ ಹಿಂದಕ್ಕೆ ಹಿಂದಕ್ಕೆ ನಡೆಸಿ ಆ ಓಣಿಯಿಂದಲೇ ಹೊರಗೆ ಹೋಗಿಬಿಡಬಹುದಾದರೆ ಎನಿಸಿತು.

ಶನಿವಾರ ಮೂರು ಎಳೆಗಳನ್ನೂ ಸೇರಿಸಿ ಎದುರು ಹುರಿ ಕೊಟ್ಟು ಹಗ್ಗ ಮುಗಿಸಿದರು. ಪಾದ್ರಿಗಳ ಕೈ ಹಿಡಿಯುವ ಕಡೆ ಮೆತ್ತಗಿರಲೆಂದು ಹಗ್ಗದವನು ತುದಿಗೆ ಬಟ್ಟೆ ಸುತ್ತಿ ಹೊಲಿಯುತ್ತಿದ್ದ. ಹೆಂಡತಿ ಎದುರಿಗೆ ಕುಳಿತು ಹಗ್ಗದ ಮೇಲಿನ ಮುಳ್ಳುನಾರು ಕತ್ತರಿಸುತ್ತಿದ್ದಳು.

"ನಾಳೆ ಏನಂತೀರಾ?" ಎಂದಳು.

"ಏನಂತೀನಿ? ಎಲ್ಲರೂ ಅನ್ನೋದೇ."

ಕತ್ತರಿ ಎರಡು ಸಲ ಆಡಿತು. "ಆ ಹನ್ನೊಂದು ದಿನ ನಿಮ್ಮ ತುಟಿ ನೋಡಿದ್ದೀನಿ ನಾನು."

ಹಗ್ಗದವನ ಸೂಜಿ ನಿಂತಿತು.

"ಕುಳ್ಳನ ಹೆಸರಿಗೆ ತುಟಿ ದುಂಡಗಾಗುತ್ತೆ. ನಮ್ಮವನ ಹೆಸರಿಗೆ ಆಗಲ್ಲ. ಇಪ್ಪತ್ತೊಂದು ವರ್ಷ ಆ ಹೆಸರು ಕರೆದಿದ್ದೀನಿ, ನನಗೆ ಗೊತ್ತಾಗಲ್ವಾ."

"ಮತ್ತೆ ಯಾಕೆ ಸುಮ್ಮನಿದ್ದೆ?"

ಅವಳು ತಲೆ ಎತ್ತಲಿಲ್ಲ. "ನೀವು ಹೇಗೂ ಕುಳ್ಳನದ್ದು ನೋಡ್ಕೋತೀರಾ ಅಂತ ನಾನು ಮೊದಲಿಂದಲೂ ನಮ್ಮವನಿಗೇ ಬೇಡ್ಕೋತಿದ್ದೆ. ನೀವು ಬಿಟ್ಟಿದ್ದು ಕಂಡಾಗ ಯಾರಾದ್ರೂ ಒಬ್ಬರು ಅವನ ಕಡೆ ಹೋಗಬೇಕಿತ್ತು. ಹೋಗೋಣ ಅಂದ್ಕೊಂಡೆ. ಆಗ್ಲಿಲ್ಲ."

ಹಗ್ಗದವನು ಬಟ್ಟೆಯ ಅಂಚಿಗೆ ಮತ್ತೆ ಸೂಜಿ ಹಾಕಿದ. ಏಳನೆಯ ಸಂಜೆಯ ಮಾತನ್ನು ಅವನು ಅವಳಿಗೂ ಹೇಳಲಿಲ್ಲ.

"ಹೇಳ್ದೆ ಇದ್ರೆ ಯಾರಿಗೂ ಗೊತ್ತಾಗಲ್ಲ" ಎಂದಳು ಕೊನೆಗೆ. ಅದು ಸಲಹೆಯೋ ಹೆದರಿಕೆಯೋ ಅವನಿಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿರಲಾರದು.

ಭಾನುವಾರ ಹೊಸ ಹಗ್ಗಕ್ಕೆ ಗಂಟೆ ಚೆನ್ನಾಗಿ ಬಾಯಿ ಬಿಟ್ಟಿತು. ಆರಾಧನೆ ಮುಗಿದ ಮೇಲೆ ಪಾದ್ರಿಗಳು ಮುಯ್ಯಿಯ ಜೋಡಿಗಳನ್ನು ಒಂದೊಂದಾಗಿ ಮುಂದಕ್ಕೆ ಕರೆದರು. ಹೆಚ್ಚು ಮಾತಿಲ್ಲ. ಪ್ರಾರ್ಥನೆ ಮಾಡಿದವರು ಸಿಪಾಯಿಯ ಮುಖ ನೋಡಿ "ತೀರಿತು" ಎನ್ನಬೇಕು, ಚೀಟಿಯನ್ನು ಪಾದ್ರಿಗಳ ತಟ್ಟೆಗೆ ಹಾಕಬೇಕು. ಗಿರಣಿಯವನು ಹೇಳಿದ. ಕುರಿಗಾರ ಹೇಳಿ, ಹುಡುಗನ ಬೆನ್ನಿಗೆ ಒಂದು ಗುದ್ದು ಕೊಟ್ಟ.

ಗಾರೆಯವನು ಮತ್ತು ಟೀಚರಮ್ಮ ಒಟ್ಟಿಗೆ ಎದ್ದರು. ಗಾರೆಯವನು ಟೀಚರಮ್ಮನ ಮಗನ ಮುಖ ನೋಡಿ "ತೀರಿತು" ಎಂದ. ಗಾರೆಯವನ ಮಗನ ಜಾಗದಲ್ಲಿ ಯಾರೂ ಇರಲಿಲ್ಲ. ಟೀಚರಮ್ಮ ಒಂದು ಗಳಿಗೆ ಆ ಖಾಲಿ ಜಾಗವನ್ನು ನೋಡಿದರು. ಆಮೇಲೆ ಗಾರೆಯವನ ಕಡೆ ತಿರುಗಿದರು.

"ಒಂದು ದಿನವೂ ತಪ್ಪಿಸಿಲ್ಲ" ಎಂದರು.

"ಗೊತ್ತಮ್ಮ."

"ತೀರಿತು."

"ತೀರಿತು ತಾಯಿ" ಎಂದ ಗಾರೆಯವನು, ಸುಣ್ಣ ತಿಂದು ಬಿರುಕುಬಿಟ್ಟ ಕೈಗಳಿಂದ ಮುಖ ಒರೆಸಿಕೊಂಡು. ಇಬ್ಬರೂ ಹೋಗಿ ಒಂದೇ ಬೆಂಚಿನಲ್ಲಿ ಕುಳಿತರು.

ಕೊನೆಗೆ ಉಳಿದದ್ದು ಹಗ್ಗದವನ ಜೋಡಿ. ಸೂಲಗಿತ್ತಿ ಅವನ ಮಗನ ಗಲ್ಲ ಹಿಡಿದು, "ನಿನ್ನನ್ನ ಹೊರಗೆ ಎಳೆದವಳೂ ನಾನೇ, ಬೇಡಿಕೊಂಡವಳೂ ನಾನೇ. ತೀರಿತಪ್ಪಾ" ಎಂದಳು. ಜನ ನಕ್ಕರು. ಚೀಟಿ ಹೆರಿಗೆ ಕೋಣೆಗಳಲ್ಲಿ ಒದ್ದೆಯಾಗಿ ಒಣಗಿ ಸುಕ್ಕುಗಟ್ಟಿತ್ತು. ತಟ್ಟೆಗೆ ಬಿತ್ತು.

ಕುಳ್ಳ ಹಗ್ಗದವನ ಎದುರಿಗೆ ನಿಂತ. ಚೆನ್ನಾಗಿರುವ ಕಿವಿಯನ್ನು ಸ್ವಲ್ಪ ಮುಂದಕ್ಕೆ ತಿರುಗಿಸಿ, ಕೇಳಲು ಸಿದ್ಧನಾಗಿ. ಹಗ್ಗದವನ ಚೀಟಿ ಜೇಬಿನಲ್ಲಿ ಮಡಿಕೆ ಕೆಡದೆ ಇತ್ತು. ಒಂದೇ ಒಂದು ಮಾತು. ಹೇಳಿದರೆ ಇನ್ಯಾರೂ ಎತ್ತುವುದಿಲ್ಲ. ಕಣ್ಣು ತಪ್ಪಿಸಿದಾಗ ಎರಡನೆಯ ಬೆಂಚಿನಲ್ಲಿ ಗಾರೆಯವನೂ ಟೀಚರಮ್ಮನೂ ಪಕ್ಕಪಕ್ಕ ಕುಳಿತಿರುವುದು ಕಂಡಿತು.

"ತೀರಿಲ್ಲ" ಎಂದ.

ಪಾದ್ರಿಗಳು ಮುಗುಳ್ನಕ್ಕರು. "ಪ್ರಾರ್ಥನೆ ಯಾವತ್ತೂ ತೀರಲ್ಲ ಅಂತ ಹೇಳ್ತಿದ್ದಾನೆ. ಒಳ್ಳೆ ಮಾತು."

"ಒಳ್ಳೆ ಮಾತಲ್ಲ ಪಾದ್ರಿಗಳೇ." ಅವನ ಸ್ವರ ಅವನಿಗೇ ದೂರದಿಂದ ಕೇಳಿಸಿತು. "ನಾಲ್ಕು ತಿಂಗಳು ಮಾಡಿದೆ. ಸೇತುವೆ ಹನ್ನೊಂದು ದಿನ ಮಾಡಿಲ್ಲ. ನನ್ನ ಮಗನಿಗೇ ಬೇಡ್ಕೊಂಡೆ. ಕೆಲಸ ಇಲ್ಲದ ದಿನವೆಲ್ಲ ಮುಯ್ಯಿಗೆ ಬಂದು, ಕೊಯ್ಲಿನ ದಿನ ನನ್ನ ಹೊಲಕ್ಕೆ ಹೋದೆ."

ಯಾರೋ ಕೆಮ್ಮಿದರು. ಹೆಂಡತಿ ತಲೆ ತಗ್ಗಿಸಿದಳು. ಬಾಗಿಲ ಬಳಿಯ ಬೆಂಚು ಕಿರ್ರೆಂದಿತು. ಮಗ ತಂದೆಯನ್ನು, ಎಲ್ಲೋ ನೋಡಿದ ಹಾಗಿದೆ ಎನ್ನುವಂತೆ ನೋಡುತ್ತಿದ್ದ.

ಕುಳ್ಳ ಟೋಪಿಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ. ತಪ್ಪಾಗಿ ಕೇಳಿಸಿತೇನೋ ಎಂಬಂತೆ ತಾಯಿಯ ಕಡೆ ನೋಡಿದ. ಅವಳ ಮುಖ ನೋಡಿ ಸರಿಯಾಗಿಯೇ ಕೇಳಿಸಿದೆ ಎಂದು ಗೊತ್ತಾಯಿತು.

"ಹಾಗಾದ್ರೆ ಅಲ್ಲಿ ಯಾರಿದ್ರು ಮಾವ?" ಎಂದ. ಸಿಟ್ಟಿರಲಿಲ್ಲ. ದಾರಿ ಕೇಳಿದ ಹಾಗೆ ಕೇಳಿದ. "ಆ ಹೊತ್ತಲ್ಲಿ ನನ್ನ ಹತ್ರ ಯಾರಿದ್ರು?"

ಪಾದ್ರಿಗಳ ಬಳಿ ಉತ್ತರ ಇದ್ದಿರಬಹುದು. ಅವರು ಬಾಯಿ ತೆರೆದವರು ಕುಳ್ಳನನ್ನು ನೋಡಿ ಮುಚ್ಚಿಕೊಂಡರು. ಕುಳ್ಳ ಟೋಪಿ ಹಾಕಿಕೊಂಡು, ಚರ್ಚಿನೊಳಗೆ ಹಾಕಬಾರದೆಂದು ನೆನಪಾಗಿ ಮತ್ತೆ ತೆಗೆದು, ನಡುವಿನ ದಾರಿಯಲ್ಲಿ ಹೊರಗೆ ಹೋದ.

ಆಮೇಲಿನ ದಿನಗಳಲ್ಲಿ ಊರು ಹಗ್ಗದವನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಹಗ್ಗ ಕೊಳ್ಳಲು ಬಂದವರು ಹಗ್ಗ ಕೊಂಡು ಹೋದರು. ಕುರಿಗಾರ ಮಾತ್ರ ಒಮ್ಮೆ, "ನಿನ್ನ ಹಗ್ಗ ಗಟ್ಟಿ ಮಾರಾಯ, ಅದರಲ್ಲಿ ಮೋಸ ಇಲ್ಲ" ಎಂದು ಹೇಳಿ, ಹೇಳಿದ ಮೇಲೆ ತಾನೇ ನಾಚಿಕೊಂಡು ಬೇಗ ಹೊರಟ. ಮಗ ರಾಟೆ ತಿರುಗಿಸಲು ಕೂರುತ್ತಿದ್ದ. ಆದರೆ ತಂದೆ ಹಿಂದಕ್ಕೆ ನಡೆಯುವಾಗ ಅವನ ಮುಖ ನೋಡದೆ ಕೊಕ್ಕೆಯನ್ನು ನೋಡುತ್ತಿದ್ದ. ಕುಳ್ಳ ಓಣಿಯ ದಾರಿ ಬಿಟ್ಟು ಚರ್ಚಿನ ಮುಂದಿನಿಂದ ಸುತ್ತಿ ಹೋಗುತ್ತಿದ್ದ.

ಮೂರು ವಾರ ಕಳೆದು, ಚಳಿ ಬಿಟ್ಟು ನಾರು ಬೆಳಿಗ್ಗೆಯೇ ಒಣಗುವ ಕಾಲ ಬಂದಾಗ, ರಜೆಯಲ್ಲಿದ್ದವರಿಗೆ ವಾಪಸ್ ಬರಲು ಆದೇಶ ಬಂತು. ಹಗ್ಗದವನ ಮಗನನ್ನು ಕಾಲಿನ ಕಾರಣ ಬಿಟ್ಟಿದ್ದರು. ಒಂದು ಕಿವಿ ಕೇಳದಿದ್ದರೂ ಕುಳ್ಳನನ್ನು ಬಿಡಲಿಲ್ಲ. ಆಳು ಸಾಲದು, ಎದುರಿನವರು ಮೊದಲಿಗಿಂತ ಹೆಚ್ಚಾಗಿದ್ದಾರೆ ಎಂದು ಗಿರಣಿಯ ರೇಡಿಯೋ ಹೇಳುತ್ತಿತ್ತು.

ಬಸ್ಸು ಹೋದ ದಿನ ಮಧ್ಯಾಹ್ನದ ಮೇಲೆ ಸೂಲಗಿತ್ತಿ ಓಣಿಗೆ ಬಂದಳು. ಹಗ್ಗದವನು ಎಳೆ ಗೂಟಕ್ಕೆ ಕಟ್ಟಿ ನಿಂತ. ಅವಳು ಚೀಲದಿಂದ ಒಂದು ಚೀಟಿ ತೆಗೆದಳು. ಮಡಿಕೆ ಕೆಡದ ಅದೇ ಚೀಟಿ. ಆ ಭಾನುವಾರ ಜೇಬಿನಿಂದ ತೆಗೆಯುವಾಗ ನೆಲಕ್ಕೆ ಬಿದ್ದುದನ್ನು ಅವನು ಎತ್ತಿಕೊಂಡಿರಲಿಲ್ಲ.

"ನಿನ್ನ ಮಗ ಮನೇಲಿದ್ದಾನೆ" ಎಂದಳು. "ನನಗೆ ಈಗ ಮುಯ್ಯಿ ಇಲ್ಲ. ನಿನಗಿದೆ."

ಅವನು ಕೈ ಚಾಚಲಿಲ್ಲ. "ಅಕ್ಕ, ಇನ್ನೊಂದಿದೆ. ಅಲ್ಲಿ ಹೇಳಿಲ್ಲ."

"ಹೇಳು."

"ಏಳನೇ ಸಂಜೆ. ಇಬ್ಬರಲ್ಲಿ ಒಬ್ಬ ಉಳಿಯೋದಾದ್ರೆ ನನ್ನವನು ಉಳೀಲಿ ಅಂತ ಬೇಡ್ಕೊಂಡೆ."

ರಾಟೆಯ ಬಳಿ ಮಗನ ಕೈ ನಿಂತಿತು. ಸೂಲಗಿತ್ತಿ ಚೀಲವನ್ನು ತೋಳಿಗೆ ಏರಿಸಿಕೊಂಡು ಅವನ ಕಡೆ ನೋಡಿದಳು. ಎಷ್ಟೋ ಮನೆಗಳಲ್ಲಿ ಎಷ್ಟೋ ಬಗೆಯ ನೋವು ಕಂಡ ಮುಖ ಅದು. ಈಗ ಅದರಲ್ಲಿ ಏನಿದೆಯೆಂದು ನೋಡುವ ಧೈರ್ಯ ಹಗ್ಗದವನಿಗೆ ಇರಲಿಲ್ಲ. ಅವಳ ಚೀಲವನ್ನು ನೋಡುತ್ತ ನಿಂತ.

"ಇದನ್ನ ಅವನಿಗೆ ಬರೀಬೇಡ" ಎಂದಳು ಕೊನೆಗೆ. "ಇನ್ಮೇಲೆ ಮಾವ ಮಾಡ್ತಾರೆ ಅಂತ ಹೇಳಿ ಕಳಿಸಿದ್ದೀನಿ. ಅವನಿಗೆ ಅಲ್ಲಿ ನೆನೆಸ್ಕೊಳ್ಳೋಕೆ ಯಾರಾದ್ರೂ ಬೇಕು."

"ನಂಬಿದ್ನಾ?"

"ನಗ್ತಾ ಹೋದ. ನಂಬಿದ್ನೋ ಇಲ್ವೋ ಗೊತ್ತಿಲ್ಲ." ಚೀಟಿಯನ್ನು ಅವನ ಅಂಗೈಗೆ ಒತ್ತಿದಳು, ಔಷಧ ಕೊಟ್ಟ ಹಾಗೆ. "ನಾನು ಕ್ಷಮಿಸಿದ್ದೀನಿ ಅಂದ್ಕೋಬೇಡ. ಅದು ಆಮೇಲಿನ ಮಾತು. ಗಂಟೆ ತಪ್ಪಿಸ್ಬೇಡ."

ಅವಳು ಹೋದ ಮೇಲೆ ಅವನು ಇನ್ನೂ ಎರಡು ಎಳೆ ಬಿಟ್ಟ. ಮಗ ರಾಟೆ ತಿರುಗಿಸಿದ. ಬಿಸಿಲು ಗೋಡೆ ಹತ್ತುತ್ತ ಹೋಗಿ ಹಂಚಿನ ಮೇಲೆ ನಿಂತಿತು, ಅಲ್ಲಿಂದಲೂ ಜಾರಿತು. ಹೊಸ ಹಗ್ಗ ಎಳೆಯುವಾಗ ಗೋಪುರದಲ್ಲಿ ಆಗುವ ಸಣ್ಣ ಸದ್ದು ಹಗ್ಗದವನಿಗೆ ಗಂಟೆಗಿಂತ ಮೊದಲೇ ಕೇಳಿಸಿತು. ಎಳೆಯನ್ನು ಗೂಟಕ್ಕೆ ಸುತ್ತಿದ. ಉಸ್ಸಪ್ಪಾ ಎಂದು ಹೊರಟದ್ದನ್ನು ಬಾಯಲ್ಲೇ ತಡೆದು ಮಂಡಿಯೂರಿದ. ಮಗ ನೋಡುತ್ತಿದ್ದಾನೆ ಎಂದು ತಿಳಿದಿತ್ತು. ಹೆಂಡತಿಯೂ ಬಾಗಿಲಲ್ಲಿ ಬಂದು ಕುಳಿತಳು.

ಕರ್ತನೇ, ಎಂದ. ಮುಂದೆ ತುಟಿಗೆ ಬಂದದ್ದು ಮಗನ ಹೆಸರು. ರೂಢಿ. ಹತ್ತು ಹೆಜ್ಜೆ ದೂರದಲ್ಲಿ, ರಾಟೆಯ ಕಟ್ಟೆಯ ಮೇಲೆ, ಉಸಿರಾಡುತ್ತ ಕುಳಿತಿರುವ ಮಗನ ಹೆಸರು.

ನಿಲ್ಲಿಸಿದ. ಚೀಟಿ ಬಿಚ್ಚಿ ಕಣ್ಣೆದುರು ಹಿಡಿದುಕೊಂಡ. ಬೆಳಕು ಕಡಿಮೆಯಾಗುತ್ತಿತ್ತು. ಅಕ್ಷರ ಅಕ್ಷರವಾಗಿ ಓದಿ, ಹೆಂಡತಿಗೆ ತುಟಿ ಕಾಣುವ ಹಾಗೆ, ಮೊದಲಿನಿಂದ ಶುರುಮಾಡಿದ.